ಬೂದಿದಿಬ್ಬ ಅಗಿದ ಜಂಬಣ್ಣ

ಗುಂಡಿನಹಾಳದಾಗ ಹುಲಿಗೆಮ್ಮ ಅಂತ ಒಬ್ಬಾಕಿ ಇದ್ದಳು. ಗಂಡ ಇಲ್ಲ, ಇರೋನೊಬ್ಬ ಮಗ ಜಂಬಣ್ಣ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಕೂಡು ಅಂದರೆ ಏಳು ಅನ್ನೋತನಕ ಕೂಡೋನು. "ನಾ ಸತ್ತರೆ ಇವನ ಗತಿ ಏನಪ್ಪಾ ದೇವರೇ!" ಆಕೆಗೆ ಅದೇ ಚಿಂತೆ.

ಊರ ಹೊರಗೊಂದು ಬೂದಿದಿಬ್ಬ. ಸಾವಿರಾರು ವರ್ಷದ ಹಿಂದೆ ದನ ಸಾಕೋ ಮಂದಿ ಸಗಣಿ ಒಟ್ಟಿ ಸುಟ್ಟ ಬೂದಿಯಂತೆ. ಅದನ್ನ ಅಗಿದು ಹಳೇ ಕಾಲದ್ದು ಏನೈತಿ ಅಂತ ನೋಡಾಕ ಮಂದಾಕಿನಿ ಮೇಡಮ್ಮೋರು ಬಂದರು. ಹುಲಿಗೆಮ್ಮ ಮಗನನ್ನ ಅಲ್ಲಿ ಕೆಲಸಕ್ಕೆ ಹಚ್ಚಿದಳು. "ಹೇಳಿದಷ್ಟು ಮಾಡಪ್ಪಾ. ನಿನ್ನ ಬುದ್ಧಿ ಖರ್ಚು ಮಾಡಬ್ಯಾಡ!"

ಮೇಡಮ್ಮೋರು ಜರಡಿ ಕೊಟ್ಟು, "ಬೂದಿ ಜರಡಿ ಹಿಡಿ. ಕೆಳಗೆ ಬಿದ್ದದ್ದು ಚೆಲ್ಲು, ಮೇಲೆ ಉಳಿದದ್ದು ಇಡು" ಅಂದರು. ಹಂಗೇ ಮಾಡಿದ. ಒಂದು ಕಲ್ಲುಮಣಿ ಸಿಕ್ಕಿತು. "ಭಲೇ ಜಂಬಣ್ಣ!"

ಮರುದಿನ ಮುಂಜಾನೆ ಹುಲಿಗೆಮ್ಮ, "ಜೋಳದ ಹಿಟ್ಟು ಜರಡಿ ಹಿಡಿದು ಸಾಣಿಸಿಡು" ಅಂತ ಹೇಳಿ ನೀರಿಗೆ ಹೋದಳು. ಬಂದು ನೋಡಿದರೆ ಹಿಟ್ಟೆಲ್ಲ ತಿಪ್ಪೆಯಾಗ! ಬುಟ್ಟಿಯಾಗ ಒಂದು ಹಿಡಿ ಹೊಟ್ಟು! ಹುಲಿಗೆಮ್ಮ ಹೌಹಾರಿದಳು. "ಅಯ್ಯೋ ಹುಚ್ಚಪ್ಪಾ! ಮ್ಯಾಲೆ ಉಳಿದದ್ದು ಚೆಲ್ಲಬೇಕೋ, ಕೆಳಗ ಬಿದ್ದದ್ದು ಇಡಬೇಕೋ!"

"ಹಂಗೇ ಆಗಲಿ ಯವ್ವಾ!"

ದಿಬ್ಬಕ್ಕೆ ಹೋದ, ಜರಡಿ ಹಿಡಿದ. ಮಣಿ, ಮೂಳೆ, ಗಡಿಗೆ ಚೂರು ಎಲ್ಲ ಹಳ್ಳಕ್ಕೆ ಚೆಲ್ಲಿದ, ಬೂದಿ ಚೀಲಕ್ಕೆ ತುಂಬಿದ. ಮೇಡಮ್ಮೋರು ತಲೆ ಹಿಡಕೊಂಡರು. "ಸಿಕ್ಕಿದ್ದನ್ನ ಮುಟ್ಟಲೇಬೇಡ ಮಾರಾಯಾ! ಇದ್ದಲ್ಲೇ ಇರಲಿ. ಸುತ್ತ ದಾರ ಕಟ್ಟು, ಬಂದು ನನ್ನ ಕರಿ!"

ಮಧ್ಯಾಹ್ನ ಬುತ್ತಿ ತಂದ ಹುಲಿಗೆಮ್ಮ ಕಾಲುಜಾರಿ ಅಗಿದ ಗುಂಡಿಯಾಗ ಧೊಪ್ಪಂತ ಬಿದ್ದಳು. "ಯಪ್ಪಾ ಜಂಬಣ್ಣಾ, ಕೈ ಕೊಡೋ!"

ಜಂಬಣ್ಣ ಕೈ ಕೊಡಲಿಲ್ಲ. ನಾಲ್ಕು ಗೂಟ ಹೊಡೆದ, ದಾರ ಕಟ್ಟಿದ. "ಮುಟ್ಟಂಗಿಲ್ಲವ್ವಾ, ಇದ್ದಲ್ಲೇ ಇರು!" ಅಂದವನೇ ನಡೆದ. "ಮೇಡಮ್ಮೋರೇ, ಒಂದು ಮುದುಕಿ ಸಿಕ್ಕೈತ್ರೀ! ಭಾಳ ಹಳೇದೈತಿ!"

ಗುಂಡಿಯೊಳಗಿಂದ ಅದನ್ನ ಕೇಳಿ ಹುಲಿಗೆಮ್ಮ ಹೌಹಾರಿದಳು. ಮೇಡಮ್ಮೋರ ಕೈ ಹಿಡಿದು ಮೇಲೆ ಬಂದವಳೇ ಮಗನಿಗೆ ಬೈದಳು. "ಹೆತ್ತವ್ವನ್ನ ಹಿಂಗ ಬಿಟ್ಟು ಹೋಗ್ತಾರೇನೋ! ಗುಂಡ್ಯಾಗ ಇದ್ದೋರನ್ನ ಮೊದಲು ಎತ್ತಬೇಕು! ಮೈ ತೊಳೀಬೇಕು! ನೆರಳಾಗ ಕೂಡಿಸಿ ನೀರು ಕುಡಿಸಬೇಕು!"

"ಹಂಗೇ ಆಗಲಿ ಯವ್ವಾ!"

ಮರುದಿನ ದಿಬ್ಬದೊಳಗೆ ಎಲುಬಿನ ಗೂಡು ಕಾಣಿಸಿತು. ಹಳೇ ಕಾಲದ ಮನುಷ್ಯ! ಮೇಡಮ್ಮೋರು ಕುಣಿದಾಡಿ ಕ್ಯಾಮೆರಾ ತರಾಕ ಓಡಿದರು. ಬಂದು ನೋಡಿದರೆ ಗುಂಡಿ ಖಾಲಿ! ಜಾಲಿಮರದ ನೆರಳಾಗ ಜಂಬಣ್ಣ ಎಲುಬೆಲ್ಲ ತೊಳೆದು ಒರಗಿಸಿದ್ದ, ಮೇಲೆ ಬುರುಡೆ ಇಟ್ಟಿದ್ದ, ಚೆಂಬಿನಿಂದ ನೀರು ಹೊಯ್ಯುತ್ತಿದ್ದ. "ಎಷ್ಟು ಕುಡಿಸಿದರೂ ಇವಗ ದಾಹ ತೀರವಲ್ದುರೀ!"

ಮೇಡಮ್ಮೋರು ನೆಲಕ್ಕೆ ಕುಸಿದರು. ಹುಲಿಗೆಮ್ಮನ ಕರೆಸಿ, "ನಾಳೆ ದೊಡ್ಡ ಸಾಹೇಬರು ನೋಡೋಕೆ ಬರ್ತಾರೆ. ಅವರಿಗೆ ಸಿಟ್ಟು ಬಂದರೆ ದಿಬ್ಬದ ಕೆಲಸವೇ ಬಂದ್. ಊರಿಗೆಲ್ಲ ಕೂಲಿ ತಪ್ಪುತ್ತೆ!" ಅಂದರು.

ಹುಲಿಗೆಮ್ಮ ಮಗನ ಹತ್ತಿರ ಓಡಿದಳು. ಮಗನ ಕೈ ಹಿಡಿದು ಅತ್ತಳು. "ಆ ಎಲುಬಿನವನು ಸತ್ತೋನೋ ಯಪ್ಪಾ! ಕರೆದರೆ ಓ ಅಂದೋರು ಬದುಕಿದೋರು. ಓ ಅನ್ನದೋರು ಸತ್ತೋರು. ಸತ್ತೋರಿಗೆ ಮಣ್ಣು ಕೊಟ್ಟು ಕೈ ಮುಗೀಬೇಕು!"

"ಹಂಗೇ ಆಗಲಿ ಯವ್ವಾ!"

ಸಾಹೇಬರು ಬಂದರು, ಎಲ್ಲ ನೋಡಿದರು, ಮೆಚ್ಚಿದರು. ಹೋಳಿಗೆ ಉಂಡು, ತಂಪಾಗಿದೆ ಅಂತ ಗುಂಡಿಯೊಳಗೇ ಬಾಯಿ ತೆರೆದು ಮಲಗಿದರು. ಜಂಬಣ್ಣ ಬಂದ. "ಸಾಹೇಬ್ರೇ!" ಓ ಇಲ್ಲ. "ಓ ಸಾಹೇಬ್ರೇ!" ಓ ಇಲ್ಲ. "ಪಾಪ, ಉಂಡು ಹೋದರು" ಅಂತ ಬುಟ್ಟಿ ಬುಟ್ಟಿ ಬೂದಿ ಸುರಿದು ಕೈ ಮುಗಿದ.

ಹುಲಿಗೆಮ್ಮ ಮಜ್ಜಿಗೆ ತಂದಳು. ಆಗಲೇ ಗುಂಡಿಯೊಳಗಿಂದ "ಆ... ಆಕ್ಷೀ!" ಬೂದಿ ಆಕಾಶಕ್ಕೆ ಹಾರಿತು. ಅಡಿಯಿಂದ ಮುಡಿವರೆಗೂ ಬೆಳ್ಳಗಾದ ಸಾಹೇಬರು ಎದ್ದು ನಿಂತರು. ಹುಲಿಗೆಮ್ಮನ ಕೈಯಿಂದ ಗಡಿಗೆ ಬಿತ್ತು. ತೆರೆದ ಬಾಯಿ ತೆರೆದಂಗೇ ನಿಂತುಬಿಟ್ಟಳು.

"ಯವ್ವಾ, ಇವರು ಓ ಅನ್ನಲಿಲ್ಲ, ಆಕ್ಷೀ ಅಂದರು! ಆಕ್ಷೀ ಅಂದೋರಿಗೆ ಏನು ಮಾಡಬೇಕು?"

ಹುಲಿಗೆಮ್ಮನಿಗೆ ಮಾತೇ ಹೊರಡಲಿಲ್ಲ.

"ಯವ್ವಾ! ಓ ಯವ್ವಾ!"

ಮಾತಿಲ್ಲ.

ಜಂಬಣ್ಣನ ಕಣ್ಣಾಗ ದಳದಳ ನೀರು. "ನೀನೂ ಹೋದೇನವ್ವಾ!" ಅಂತ ಅಳುತ್ತಾ ಬೂದಿ ಬುಟ್ಟಿ ಎತ್ತಿದ.

"ಓ! ಓ! ಓ!" ಅಂತ ಹುಲಿಗೆಮ್ಮ ಓಡಿದ್ದು ಆಚೆ ಊರಿನ ಮಂದಿಗೂ ಕೇಳಿಸಿತಂತೆ.