ಹೊಗಳಿಕೆ ತುಂಬಿದ ಓಲೆಗೂಡು

ಹಾಲಗುಂದಿ ಎಂಬುದೊಂದು ರಾಜ್ಯವಿತ್ತು, ಕೇಳಿ ಮಕ್ಕಳೇ. ಅಲ್ಲಿಗೊಬ್ಬ ರಾಜ, ರಾಜನಿಗೊಬ್ಬ ಪ್ರಧಾನಿ, ಅರಮನೆಯ ಮಗ್ಗುಲಿಗೊಂದು ಓಲೆಮನೆ. ಊರೂರಿಂದ ಬರುವ ಓಲೆಗಳೆಲ್ಲ ಮೊದಲು ಅಲ್ಲಿಗೇ ಬರಬೇಕು. ಅದರ ಗೋಡೆಯಲ್ಲಿ ನಲವತ್ತು ಗೂಡು. ಕೆರೆಯ ಅಧಿಕಾರಿಗೊಂದು, ಕಣಜದ ಅಧಿಕಾರಿಗೊಂದು, ಲಾಯದವನಿಗೊಂದು. ಒಂದು ಗೂಡಿಗೆ ಮುನ್ನೂರು ಓಲೆ. ಅದು ರಾಜನೇ ಹಾಕಿದ ಕಟ್ಟಳೆ. ಗೂಡು ತುಂಬಿತೋ, ಆಮೇಲೆ ಬಂದ ಓಲೆಗೆ ಕೆಂಪು ದಾರ ಕಟ್ಟಿ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಬೇಕು.

ಓಲೆಮನೆಯ ಒಡತಿ ನಿಂಬವ್ವ. ಬಂದ ಓಲೆ, ಹೋದ ಓಲೆ, ಹಿಂದಿರುಗಿದ ಓಲೆ, ಮೂರನ್ನೂ ಕಡತದಲ್ಲಿ ಬರೆಯುವಳು. ಹದಿನೆಂಟು ವರ್ಷದಲ್ಲಿ ಒಂದು ಅಕ್ಷರ ಅಳಿಸಿ ಬರೆದವಳಲ್ಲ. ಇನ್ನೊಬ್ಬರ ಓಲೆಯ ಮುದ್ರೆ ಮುಟ್ಟಿದವಳಲ್ಲ. ಆ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಒಂದು ದಿನ ದೊಡ್ಡಕೆರೆಯಿಂದ ಓಲೆ ಬಂತು. ಆ ಕೆರೆ ಮೂರು ದಿನದ ಹಾದಿ. ಅದರ ತೂಬು ತೆಗೆದು ಮುಚ್ಚಿ, ಏರಿ ಕಾಯುವ ನೀರಗಂಟಿ ದುಗ್ಗಪ್ಪ, ಕೆರೆ ಅಧಿಕಾರಿಗೆ ಬರೆಸಿ ಕಳಿಸಿದ್ದ. ಅಧಿಕಾರಿಯ ಗೂಡು ತುಂಬಿತ್ತು. ನಿಂಬವ್ವ ಕೆಂಪು ದಾರ ಕಟ್ಟಿದಳು. ಕಡತದಲ್ಲಿ ಬರೆದಳು. ಓಲೆ ಹಿಂದಕ್ಕೆ ಹೋಯಿತು.

ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಕೆರೆ ಅಧಿಕಾರಿಯನ್ನು ಕರೆಸಿ ಕೇಳಿದಳು. ಬೇಡದ್ದನ್ನೆಲ್ಲ ಎಸೆದಿದ್ದೇನಲ್ಲ ತಾಯಿ ಎಂದ. ಎಲ್ಲಿಗೆ ಎಸೆದೆ ಅಂದರೆ, ಗೂಡಿನೊಳಗೇ ಇಟ್ಟುಕೊಂಡಿದ್ದ ಬುಟ್ಟಿ ತೋರಿಸಿದ. ಕಸ ಗುಡಿಸಿ ನಡುಮನೆಯಲ್ಲೇ ಇಟ್ಟುಕೊಂಡ ಹಾಗೆ. ಬುಟ್ಟಿಯನ್ನು ಹೊರಗೆ ಸುರಿಸಿದಳು. ಗೂಡು ಹಗುರವಾಯಿತು.

ಆರು ದಿನ ಕಳೆಯಿತು. ದುಗ್ಗಪ್ಪನ ಓಲೆ ಎರಡನೆಯ ಸಲ ಬಂತು. ಗೂಡು ಮತ್ತೆ ತುಂಬಿತ್ತು. ಕೆಂಪು ದಾರ ಕಟ್ಟಿದಳು. ಕಡತದಲ್ಲಿ ಬರೆದಳು. ಓಲೆ ಹಿಂದಕ್ಕೆ ಹೋಯಿತು. ಈ ಸಲ ಹುಡುಕಿದರೆ, ಅಧಿಕಾರಿ ತಾನು ಕಳಿಸಿದ ಒಂದೊಂದು ಓಲೆಗೂ ಒಂದೊಂದು ನಕಲು ಮಾಡಿಸಿ ಅಲ್ಲೇ ಪೇರಿಸಿದ್ದ. ಅವನ್ನೂ ಹೊರಗೆ ಹಾಕಿಸಿದಳು.

ಮತ್ತೆ ಆರು ದಿನ ಕಳೆಯಿತು. ಓಲೆ ಮೂರನೆಯ ಸಲ ಬಂತು. ಗೂಡಿನಲ್ಲಿ ಬೆರಳು ತೂರಿಸಲೂ ಜಾಗವಿಲ್ಲ. ತಂದ ಓಲೆಕಾರ ಅಂಗಲಾಚಿದ, ನೀರಗಂಟಿ ಅಳುತ್ತ ಕೊಟ್ಟಿದ್ದಾನೆ ತಾಯಿ, ಒಂದಿಷ್ಟು ಕೈಯಲ್ಲೇ ಒಯ್ದು ಕೊಡಿ ಎಂದ. ನಿಂಬವ್ವ ಓಲೆಯನ್ನು ಕೈಯಲ್ಲಿ ಹಿಡಿದು ನಿಂತಳು. ಕಟ್ಟಳೆ ಕಟ್ಟಳೆಯೇ ಅಂದುಕೊಂಡಳು. ಕೆಂಪು ದಾರ ಕಟ್ಟಿದಳು. ಕಡತದಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದಳು.

ಆಮೇಲೆ ಗೂಡಿನ ತಳಕ್ಕೇ ಕೈಹಾಕಿದಳು. ಸಿಕ್ಕಿತು ರೋಗದ ಬೇರು. ಪ್ರಧಾನಿ ಭುಜಬಲಯ್ಯ ತನ್ನ ಅರವತ್ತರ ಹುಟ್ಟುಹಬ್ಬಕ್ಕೆ ತನ್ನ ಗುಣಗಾನವನ್ನು ತಾನೇ ಬರೆಸಿ ನಲವತ್ತು ಗೂಡಿಗೂ ಹಂಚಿಸಿದ್ದ. ಒಬ್ಬ ಅಧಿಕಾರಿ ‘ಭಲೇ’ ಎಂದು ಮಾರೋಲೆ ಬರೆದ. ಆ ನಾಡಿನ ಪದ್ಧತಿ ಏನೆಂದರೆ, ಮಾರೋಲೆಯ ಬೆನ್ನಿಗೆ ಹಿಂದಿನ ಓಲೆಗಳನ್ನೆಲ್ಲ ಕಟ್ಟಬೇಕು, ಎಲ್ಲರ ಗೂಡಿಗೂ ಒಂದೊಂದು ಹಾಕಬೇಕು. ಇನ್ನೊಬ್ಬ ‘ಭಲೇ ಭಲೇ’ ಎಂದ. ಮತ್ತೊಬ್ಬ ಸುಮ್ಮನಿದ್ದರೆ ಕೆಲಸ ಹೋದೀತೆಂದು ಅವನಿಗಿಂತ ಉದ್ದ ಬರೆದ. ಕಟ್ಟಿನ ಮೇಲೆ ಕಟ್ಟು ಬೆಳೆದು ಕುಂಬಳಕಾಯಿಯ ಗಾತ್ರವಾಗಿತ್ತು. ಮೇಲೆ ಪ್ರಧಾನಿಯ ಮುದ್ರೆ: ಯಾರೂ ತೆಗೆಯಕೂಡದು.

ನಿಂಬವ್ವ ಪ್ರಧಾನಿಯ ಬಳಿ ಹೋಗಿ, ತಮ್ಮ ಓಲೆಗಳನ್ನು ಬೇರೆ ಕೋಣೆಗೆ ಸಾಗಿಸಲು ಅಪ್ಪಣೆಯಾಗಲಿ, ಊರವರ ಓಲೆಗೆ ಜಾಗವಿಲ್ಲ, ದೊಡ್ಡಕೆರೆಯ ಓಲೆ ಮೂರು ಸಲ ಹಿಂದಕ್ಕೆ ಹೋಯಿತು ಎಂದಳು.

ಪ್ರಧಾನಿ ತಾಂಬೂಲ ಮಡಿಸುತ್ತ ನಕ್ಕ. “ನಿಂಬವ್ವ, ಕೆರೆಯವನ ಅಳು ವರ್ಷ ವರ್ಷ ಇದ್ದದ್ದೇ. ನನಗೆ ಅರವತ್ತು ತುಂಬೋದು ಒಂದೇ ಸಲ.”

ಅದೇ ವಾರ ದೊಡ್ಡಕೆರೆ ಒಡೆಯಿತು. ಬಿರುಕಿಗೆ ಮಣ್ಣಿನ ಮೂಟೆ ಒತ್ತಿ ಹಿಡಿದು ನಿಂತಿದ್ದ ದುಗ್ಗಪ್ಪನನ್ನು ನೀರು ಮೊದಲು ಒಯ್ದಿತು. ಆಮೇಲೆ ಕೆಳಗಿನ ಮೂರು ಕೇರಿಗಳನ್ನು ಒಯ್ದಿತು. ಮೂರು ಸಲ ಕೆಂಪು ದಾರ ಕಟ್ಟಿಸಿಕೊಂಡ ಓಲೆಯೂ ಅವನ ಗುಡಿಸಿಲ ಜೊತೆಗೇ ಹೋಯಿತು.

ರಾಜ ಹಾಳಾದ ಊರು ನೋಡಲು ಹೋದ ಸಮಯ ನೋಡಿ ಪ್ರಧಾನಿ ಗೂಡುಗಳನ್ನೆಲ್ಲ ಗುಡಿಸಿಸಿದ. ತನ್ನ ಓಲೆಗಳನ್ನು ಸುಡಲು ಮನಸ್ಸು ಬರಲಿಲ್ಲ; ಮನೆಯ ಅಟ್ಟಕ್ಕೆ ಸಾಗಿಸಿದ. ರಾಜ ಬಂದಾಗ ಗೂಡುಗಳು ಖಾಲಿ. ನೀರಗಂಟಿ ಓಲೆ ಕಳಿಸಲೇ ಇಲ್ಲ, ಕುಡಿದು ಮಲಗಿದ್ದ ಎಂದು ಪ್ರಧಾನಿ ದೂರು ಹೇಳಿದ. ಕರ್ತವ್ಯ ಮರೆತ ನೀರಗಂಟಿಯ ಸಂಸಾರಕ್ಕೆ ಗಡಿಪಾರು, ಅದು ಅಲ್ಲಿನ ಶಿಕ್ಷೆ. ದುಗ್ಗಪ್ಪನ ಹೆಂಡತಿ ಈರಕ್ಕ ಇಬ್ಬರು ಮಕ್ಕಳೊಂದಿಗೆ ಕೆಸರು ಮೆತ್ತಿದ ಸೀರೆಯಲ್ಲೇ ಸಭೆಗೆ ಬಂದು ನಿಂತಳು. ನಿಂಬವ್ವ ಕಡತ ಬಿಚ್ಚಲು ಹೋದರೆ, ಸತ್ತವನ ಪರವಾಗಿ ಈಗ ಬರೆದುಕೊಂಡದ್ದು ಎಂದು ಪ್ರಧಾನಿ ತಳ್ಳಿಹಾಕಿದ. ಸಭೆಯ ನಲವತ್ತು ತಲೆಗಳೂ ಹೌದೆಂದು ಆಡಿದವು.

ನಿಂಬವ್ವ ಕಡತ ಮುಚ್ಚಿದಳು. ಸತ್ಯ ಕೇಳದ ಕಿವಿಗೆ ಹೊಗಳಿಕೆಯಾದರೂ ಕೇಳುತ್ತದೆ ಎಂದುಕೊಂಡಳು. ತಲೆ ತಗ್ಗಿಸಿ ಹೇಳಿದಳು, “ನನ್ನದೇ ತಪ್ಪಿರಬಹುದು, ಮಹಾಸ್ವಾಮಿ. ಗೂಡು ತುಂಬಿತ್ತು ಅಂತ ನಾನು ಅಂದುಕೊಂಡೆ. ಅದರಲ್ಲಿ ಪ್ರಧಾನಿಗಳನ್ನು ಹೊಗಳಿದ ಓಲೆ ಹತ್ತೋ ಹನ್ನೆರಡೋ ಇದ್ದವು, ಅಷ್ಟೇ. ಪಾಪ, ಬರೆಯುವವರೇ ಇರಲಿಲ್ಲ.”

ಸಭೆಯಲ್ಲಿ ಯಾರೋ ಕಿಸಕ್ಕೆಂದರು.

ಪ್ರಧಾನಿಯ ಮುಖ ಕೆಂಪಾಯಿತು. “ಏನಂದೆ? ಹತ್ತು ಹನ್ನೆರಡೇ? ಒಂದೊಂದು ಗೂಡಲ್ಲೂ ಇನ್ನೂರ ತೊಂಬತ್ತೆಂಟು ಇದ್ದವು. ನಾನೇ ಎಣಿಸಿದ್ದೇನೆ. ಒಂದನ್ನೂ ಯಾರಿಗೂ ತೆಗೆಯೋಕೆ ಬಿಟ್ಟಿಲ್ಲ. ಬೇಕಾದರೆ ನಮ್ಮ ಅಟ್ಟಕ್ಕೆ ಬಂದು ನೋಡು.”

ಪ್ರಧಾನಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

ರಾಜ ಮೆಲ್ಲಗೆ ಕೇಳಿದ, “ಮುನ್ನೂರರಲ್ಲಿ ಇನ್ನೆರಡು ಯಾವುವು?”

“ತಮ್ಮವೇ, ಮಹಾಸ್ವಾಮಿ,” ಎಂದಳು ನಿಂಬವ್ವ. “ಬೇಟೆಗೆ ಆನೆ ಸಿದ್ಧ ಮಾಡಿ ಅಂತ ಒಂದು. ಬೇಟೆ ಮುಂದಕ್ಕೆ ಹೋಯಿತು ಅಂತ ಒಂದು.”

ರಾಜ ಆಮೇಲೆ ಕಡತ ತರಿಸಿ ಮೂರು ದಿನಾಂಕಗಳನ್ನೂ ತಾನೇ ಓದಿದ. ಗಡಿಪಾರು ರದ್ದಾಯಿತು. ದುಗ್ಗಪ್ಪನ ಹೆಸರಿಗೆ ಮೆತ್ತಿದ ಮಸಿ ತೊಳೆದುಹೋಯಿತು. ಭುಜಬಲಯ್ಯನ ಅಧಿಕಾರ ಕಿತ್ತು, ಒಡೆದ ಏರಿಗೆ ಮಣ್ಣು ಹೊರುವ ಕೆಲಸಕ್ಕೆ ಹಚ್ಚಿದರು. ಮೂರು ಕೇರಿಯಲ್ಲಿ ಉಳಿದವರು ದಿನವೂ ಅವನ ತಲೆಯ ಮೇಲೆ ಬುಟ್ಟಿ ಎತ್ತಿ ಇಡುತ್ತಿದ್ದರು. ಯಾರೂ ಅವನ ಜೊತೆ ಮಾತಾಡುತ್ತಿರಲಿಲ್ಲ. ಹೊಸ ಪ್ರಧಾನಿ ಬಂದ. ಮರುದಿನವೇ ಅದೇ ನಲವತ್ತು ಜನ ಅವನಿಗೆ ‘ಭಲೇ’ ಎಂದು ಓಲೆ ಬರೆದರು.

ತನ್ನೂರಿಗೆ ಹೊರಡುವ ಮುಂಚೆ ಈರಕ್ಕ ಓಲೆಮನೆಯ ಬಾಗಿಲಿಗೆ ಬಂದಳು. ಕೈಮುಗಿದಳು.

“ನಮ್ಮೋರ ಹೆಸರು ಉಳಿಸಿದ್ರಿ ತಾಯಿ,” ಎಂದಳು. “ಏರಿ ಬಿರುಕು ಬಿಟ್ಟೈತೆ, ಇಪ್ಪತ್ತು ಆಳು ಕಳಿಸಿ ಅಂತ ಅಷ್ಟೇ ಇದ್ದದ್ದು ಅದ್ರಲ್ಲಿ. ಮೂರು ಸಲ ನಿಮ್ಮ ಕೈಯಾಗೇ ಇತ್ತಲ್ಲ.”

ಈರಕ್ಕ ಹೋದ ಮೇಲೆ ನಿಂಬವ್ವ ಕಡತ ತೆಗೆದು, ಕೆರೆ ಒಡೆಯಲು ಕಾರಣರಾದವರ ಲೆಕ್ಕದಲ್ಲಿ ಪ್ರಧಾನಿಯ ಹೆಸರಿನ ಕೆಳಗೆ ತನ್ನ ಹೆಸರನ್ನೂ ಬರೆದಳು. ಅಕ್ಷರ ಮೊದಲಿನಷ್ಟು ದುಂಡಗೆ ಬರಲಿಲ್ಲ.

ಕಥೆ ಇಲ್ಲಿಗೆ ನಿಂತಿತು, ಮಕ್ಕಳೇ. ನೀತಿಯನ್ನು ಹೊತ್ತು ಮನೆಗೆ ಹೋಗಿ. ಹೊಗಳಿಕೆಯನ್ನು ತುಂಬಿಟ್ಟುಕೊಂಡವನ ಮನೆಯಲ್ಲಿ ಗೋಳಿಗೆ ಜಾಗವಿರುವುದಿಲ್ಲ, ಅವನು ಒಂದು ದಿನ ತನ್ನ ಬಾಯಿಂದಲೇ ಕೆಡುತ್ತಾನೆ. ಆದರೆ ಗೋಳನ್ನು ಕೈಯಲ್ಲಿ ಹಿಡಿದೂ ಕಟ್ಟಳೆ ನೋಡಿ ಹಿಂದಕ್ಕೆ ಕಳಿಸಿದವರು, ಎಷ್ಟು ಚೆಂದ ಬರೆದಿಟ್ಟರೂ, ಪಾಪದಲ್ಲಿ ಪಾಲುದಾರರೇ.