ಮೊದಲ ಸಾಲಿನ ಅಂಗಡಿ

“ಅಜ್ಜಾರ, ಒಂದು ಮಾತು ಕೇಳಬೇಕಾಗೇತ್ರಿ. ಯಾರರ ಫೋನಿನ್ಯಾಗ ಹಳೇ ಕಾರ್ ಹುಡುಕಿದ್ರ ನಮ್ಮ ಅಂಗಡಿ ಹೆಸರು ಎಲ್ಲಾರಕಿಂತ ಮ್ಯಾಲೆ ಬರೂಹಂಗ ಮಾಡಿಕೊಡತೀವಿ ಅಂತ ಒಬ್ಬರು ಬಂದಾರ. ಖರ್ಚು ಭಾಳ ಐತಿ. ಕಾರ್ ಮಾರೋ ನನ್ನಂಥಾವಗ ಅದರಿಂದ ಫಾಯದೇ ಐತೇನ್ರಿ?”

ಕೇಳಿದವನು ಚನ್ನವೀರ. ಗದಗಿನ ಹೊರರಸ್ತೆಯಲ್ಲಿ ಹಳೆಯ ಕಾರು ಕೊಂಡು ಮಾರುವವನು. ಪ್ರತಿ ಸೋಮವಾರ ಮಠದ ಗುರುಗಳ ಬಳಿ ಬಂದು ಕೂಡುವವನು. ಕಾರು ಹತ್ತಿದರೆ ತಲೆಸುತ್ತು ಬರುವ ನನ್ನನ್ನು ಕೇಳುತ್ತೀಯಲ್ಲ ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಹಳೆಯ ಕಾರು ಮಾರುತ್ತಿದ್ದ. ಬಂದ ಕಾರನ್ನು ಮೊದಲು ತೊಳೆಸುವನು, ಆಮೇಲೆ ಉಜ್ಜಿಸಿ ಹೊಳೆಸುವನು, ಕೊನೆಗೆ ಬಾಗಿಲು ಹಾಕಿಕೊಂಡು ಅದರ ಮೀಟರನ್ನು ಹಿಂದಕ್ಕೆ ತಿರುಗಿಸುವನು. ಲಕ್ಷ ಕಿಲೋಮೀಟರ್ ಓಡಿದ ಗಾಡಿ ಮೂವತ್ತು ಸಾವಿರಕ್ಕೆ ಇಳಿಯುತ್ತಿತ್ತು. ಗಿರಾಕಿ ಬಂದರೆ, ಇದು ಡಾಕ್ಟರು ಓಡಿಸಿದ ಗಾಡಿ ಎನ್ನುವನು. ಆ ಊರಿನಲ್ಲಿ ಅಷ್ಟು ಮಂದಿ ಡಾಕ್ಟರಿದ್ದಿದ್ದರೆ ಯಾರಿಗೂ ನೆಗಡಿ ಸಹ ಬರುತ್ತಿರಲಿಲ್ಲ. ಆ ರಸ್ತೆಯ ಉಳಿದ ವ್ಯಾಪಾರಿಗಳೂ ಹಾಗೆಯೇ ಮಾಡುತ್ತಿದ್ದರು. ಹಾಗಾಗಿ ಅದು ತಪ್ಪೆಂದು ಅವನಿಗೆ ತೋರಿರಲಿಲ್ಲ.

ಬರಬರುತ್ತ ಗಿರಾಕಿಗಳು ನಿಂತುಹೋದರು. ಜನ ರಸ್ತೆಬದಿಯ ಬೋರ್ಡು ನೋಡುವುದು ಬಿಟ್ಟು ಫೋನಿನಲ್ಲಿ ಹುಡುಕತೊಡಗಿದ್ದರು. ಅಲ್ಲಿ ಇವನ ಹೆಸರಿರಲಿಲ್ಲ. ಇನ್ನೊಂದು ವರ್ಷ ಹೀಗೇ ಹೋದರೆ ಅಂಗಡಿಗೆ ಬೀಗ ಹಾಕಬೇಕಾಗಿತ್ತು. ಹೆಸರನ್ನು ಮೇಲಕ್ಕೆ ತರುವ ಕೆಲಸ ಬಲ್ಲ ಒಬ್ಬನನ್ನು ಅವನು ಕರೆಸಿದ.

ಬಲ್ಲವನು ಮೊದಲು ಒಂದು ಪಟ್ಟಿ ತಂದುಕೊಟ್ಟ. ಸುತ್ತಲಿನ ಜನ ಕಾರಿನ ವಿಚಾರವಾಗಿ ಫೋನಿಗೆ ಕೇಳಿದ ಪ್ರಶ್ನೆಗಳ ಪಟ್ಟಿ ಅದು. ವ್ಯಾಪಾರಿ ಸಸಾರವಾಗಿ ಓದಲು ಕುಳಿತ. ನಡೆಯಲಾಗದ ತಾಯಿಯನ್ನು ಸುಲಭವಾಗಿ ಕೂರಿಸಬಹುದಾದ ಕಾರು ಯಾವುದು? ಹೆಂಗಸು ಒಬ್ಬಳೇ ಹೋದರೆ ಕಾರಿನ ಅಂಗಡಿಯವರು ಸರಿಯಾಗಿ ಮಾತನಾಡಿಸುತ್ತಾರೆಯೇ? ಒಮ್ಮೆ ಮೋಸಹೋದವನು ಮತ್ತೆ ಮೋಸಹೋಗದಿರಲು ಏನು ಮಾಡಬೇಕು? ಪುಟದ ಮೇಲೆ ಪುಟ ಹೀಗೇ ಇತ್ತು. ಎಲ್ಲಕ್ಕಿಂತ ಹೆಚ್ಚು ಜನ ಕೇಳಿದ್ದು ಒಂದೇ ಪ್ರಶ್ನೆ: ಮೀಟರ್ ತಿರುಗಿಸಿದ ಕಾರನ್ನು ಗುರುತಿಸುವುದು ಹೇಗೆ?

ಅವನ ಮೈ ಜುಮ್ಮೆಂದಿತು. ಇಪ್ಪತ್ತು ವರ್ಷ ಇದೇ ಜನ ಅವನ ಎದುರು ಕುಳಿತು ಚಹಾ ಕುಡಿದು ಹೋಗಿದ್ದರು. ಒಬ್ಬರೂ ಇದನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಅವನಿಗೆ ಹೇಳದ್ದನ್ನೆಲ್ಲ ಅಂಗೈಯಗಲದ ಗಾಜಿನ ಮುಂದೆ ಹೇಳಿಕೊಂಡಿದ್ದರು. ಗುಡಿಯಲ್ಲಿ ಕಂಬದ ಮರೆಗೆ ನಿಂತವನ ಕಿವಿಗೆ ಊರವರ ಹರಕೆಗಳೆಲ್ಲ ಬಿದ್ದಂತಾಯಿತು. ಇಷ್ಟೊಂದು ಜನ, ಇಷ್ಟೊಂದು ಅಂಜಿಕೆ ತನ್ನ ಬಾಗಿಲ ಮುಂದೆಯೇ ಹಾದುಹೋಗಿದೆಯಲ್ಲ ಎಂದು ಅವನು ಬೆರಗಾದ.

ಬಲ್ಲವನು ಹೇಳಿದ್ದು ಇಷ್ಟು: ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ತಿಳಿಯುವಂತೆ ಬರೆದು ಹಾಕಿದರೆ, ಆ ಉತ್ತರದ ಜೊತೆ ಅಂಗಡಿಯ ಹೆಸರೂ ಮೇಲೇರುತ್ತದೆ. ವ್ಯಾಪಾರಿ ಬರೆದ. ಈ ವಿದ್ಯೆ ಅವನಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿರಬೇಕು? ಮೀಟರ್ ಸುಳ್ಳು ಹೇಳಿದರೂ ಪೆಡಲಿನ ರಬ್ಬರ್ ಹೇಳುವುದಿಲ್ಲ ಎಂದು ಬರೆದ. ಸ್ಟಿಯರಿಂಗ್ ಎಲ್ಲಿ ನುಣುಪಾಗುತ್ತದೆ, ಚಾಲಕನ ಸೀಟು ಯಾವ ಅಂಚಿನಲ್ಲಿ ಕುಸಿಯುತ್ತದೆ, ಒಂದನ್ನೂ ಮುಚ್ಚಿಡಲಿಲ್ಲ. ಮೋಸದ ದಾರಿಗಳನ್ನು ಇಷ್ಟು ಚಂದ ಬರೆದವನನ್ನೇ ಯಾರು ಸಂಶಯಿಸಿಯಾರು ಎಂಬುದು ಅವನ ಲೆಕ್ಕ.

ಕೆಲವೇ ತಿಂಗಳಲ್ಲಿ ಅವನ ಹೆಸರು ಮೊದಲ ಸಾಲಿಗೆ ಬಂತು. ಒಂದು ಮುಂಜಾನೆ ಬಾಗಿಲು ತೆಗೆದರೆ ಹೊರಗೆ ಜನ ನಿಂತಿದ್ದರು. ಮುಂದೆ ಒಬ್ಬ ಹೆಣ್ಣುಮಗಳಿದ್ದಳು. ಕಿಡ್ನಿ ಕೆಟ್ಟ ತಾಯಿಯನ್ನು ವಾರಕ್ಕೆರಡು ಸಲ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಬೇಕು, ನಡುದಾರಿಯಲ್ಲಿ ಕೈಕೊಡದ ಗಾಡಿ ಬೇಕು ಎಂದಳು. ಅವನು ತೋರಿಸಿದ ಕಾರಿನ ಬಾಗಿಲು ತೆರೆದು, ಸೆರಗು ಸಿಕ್ಕಿಸಿ ಕೆಳಗೆ ಕುಳಿತು, ಪೆಡಲಿನ ಮೇಲೆ ಬೆರಳಾಡಿಸಿದಳು. ರಬ್ಬರ್ ಸವೆದು ಕಬ್ಬಿಣ ಕಾಣುತ್ತಿತ್ತು. ಮೀಟರಿನಲ್ಲಿ ಮೂವತ್ತು ಸಾವಿರವಿತ್ತು.

ಬೈಗುಳ ಬಂದೀತೆಂದು ಅವನು ಕಾದ. ಬೈಗುಳಕ್ಕೆ ಅವನಲ್ಲಿ ನೂರು ಉತ್ತರಗಳಿದ್ದವು. ಆಕೆ ಎದ್ದು ನಿಂತು, “ಅಣ್ಣಾರ, ನೀವು ಬರದದ್ದು ಓದೇ ಬಂದೀನ್ರಿ. ಇಷ್ಟು ಖರೇ ಬರದಾವರು ನನಗ ಸುಳ್ಳು ಹೇಳಂಗಿಲ್ಲ. ಇದು ಎಷ್ಟು ಓಡೇತಿ, ನೀವ ಹೇಳ್ರಿ” ಎಂದಳು.

ವ್ಯಾಪಾರಿಯ ಬಾಳಿನಲ್ಲಿ ಯಾರೂ ಅವನನ್ನು ಇಷ್ಟು ನಂಬಿರಲಿಲ್ಲ, ಅವನ ಹೆಂಡತಿ ಕೂಡ. ಒಂದು ಲಕ್ಷ ನಲವತ್ತು ಸಾವಿರ ಎಂದು ಹೇಳಿದ. ಆಕೆಗೆ ಮಾತ್ರವಲ್ಲ, ಹಿಂದೆ ನಿಂತವರಿಗೂ ಕೇಳುವಂತೆ ಹೇಳಿದ.

ಅಂಗಳದಲ್ಲಿ ನಲವತ್ತು ಕಾರುಗಳಿದ್ದವು. ನೀರಿನ ಟಾಕಿಯ ಹಿಂದೆ ಇದ್ದ ಒಂದರ ಮೀಟರ್ ಮಾತ್ರ ಹಾಗೆಯೇ ಉಳಿದಿತ್ತು. ಅದು ಹಿಂದಿನ ದಿನ ಬಂದಿತ್ತು. ತಿರುಗಿಸಲು ಅವನಿಗೆ ಪುರುಸೊತ್ತಾಗಿರಲಿಲ್ಲ. ಅದನ್ನೇ ಆಕೆಗೆ ಕೊಟ್ಟ. ಆಕೆ ಕೈಮುಗಿದು ಹೋದಳು. ಅವಳ ಹಿಂದಿದ್ದವನು ಮುಂದೆ ಬಂದ. ಅವನ ಕೈಯ ಫೋನಿನಲ್ಲಿ ಅದೇ ಬರಹವಿತ್ತು, ಕಣ್ಣಲ್ಲೂ ಅದೇ ನಂಬಿಕೆಯಿತ್ತು. ವ್ಯಾಪಾರಿ ತನ್ನ ಅಂಗಳವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಊರಿಗೆಲ್ಲ ಮೊದಲನೆಯ ಅಂಗಡಿ, ಬಾಗಿಲ ತುಂಬ ಜನ. ಆ ನಂಬಿಕೆಗೆ ತಕ್ಕ ಒಂದು ಕಾರೂ ಅಲ್ಲಿ ಉಳಿದಿರಲಿಲ್ಲ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ಹಂಗಾರ ಹೆಸರು ಮ್ಯಾಲೆ ತಂದದ್ದು ಅವಗ ಲಾಭ ಆತೋ ಲುಕ್ಸಾನ ಆತೋ, ಅಜ್ಜಾರ?” ಎಂದ ಚನ್ನವೀರ.

“ಆ ಹೆಣ್ಣಮಗಳು ನಾಳೆ ನಿನ್ನ ಅಂಗಡಿಗೆ ಬಂದ್ರ, ಆಕಿಗೆ ಕೊಡೂವಂಥಾ ಕಾರ್ ನಿನ್ನ ಹತ್ರ ಎಷ್ಟು ಅದಾವು?” ಎಂದರು ಗುರುಗಳು.

ಚನ್ನವೀರ ಎಣಿಸಲೆಂದು ಒಂದು ಬೆರಳು ಮಡಿಚಿದ, ಮತ್ತೆ ಅದನ್ನು ಬಿಡಿಸಿದ.