ಹೆಸರುಗಲ್ಲು

ಗುಡದನಾಳದ ಕೆರೆಗೆ ಇಳಿಯುವ ಮೆಟ್ಟಿಲುಗಳ ತಲೆಯಲ್ಲಿ, ದಾರಿಗೆ ಅಡ್ಡವಾಗಿ ಒಂದು ಕಪ್ಪು ಚಪ್ಪಡಿ ಇದೆ. ಅದರ ಮೇಲೆ ಅಕ್ಷರವಿಲ್ಲ, ಕೆತ್ತನೆಯಿಲ್ಲ. ಆದರೂ ಊರವರು ಅದನ್ನು ಹೆಸರುಗಲ್ಲು ಎನ್ನುತ್ತಾರೆ. ಹಿಂದೆ ಒಮ್ಮೆ, ಗುರುತು ಸಿಗದ ಜ್ವರವೊಂದು ಊರನ್ನು ಹೊಕ್ಕ ಬೇಸಗೆಯಲ್ಲಿ, ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರ ಕೆಲವೇ ಮನೆಗಳು ಇಲ್ಲಿದ್ದವು. ಎಲ್ಲಿಂದಲೋ ಬಂದು ಚಾವಡಿಯಲ್ಲಿ ತಳವೂರಿದ ಮಾತುಗಾರನೊಬ್ಬ, ಕೆರೆಗೆ ವಿಷ ಬೆರೆಸಿದವರು ಅವರೇ ಎಂದು ದಿನವೂ ಹೇಳತೊಡಗಿದ. ಮೊದಲು ನಕ್ಕವರೂ ತಮ್ಮ ಮನೆಯಲ್ಲಿ ಹೆಣ ಬಿದ್ದ ಮೇಲೆ ನಂಬಿದರು. ಗಾದಿ ಹೊಲಿಸಲು ಯಾರೂ ಕರೆಯಲಿಲ್ಲ. ಹೆಸರು ಹಿಡಿದು ಕರೆಯುವುದೇ ನಿಂತುಹೋಗಿ, ದೊಡ್ಡವರು, ಕೂಸುಗಳು ಎನ್ನದೆ ಅವರೆಲ್ಲರೂ ಬರೀ 'ವಿಷದವರು' ಆದರು.

ಆ ಪಿಂಜಾರರಲ್ಲೊಬ್ಬನಾದ ಲಾಡಸಾಬನ ಹೆಂಡತಿ ದಾವಲಬಿ ಇದನ್ನು ಹಲ್ಲು ಕಚ್ಚಿ ಸಹಿಸಿದಳು. ಅದೇ ಜ್ವರದಲ್ಲಿ ಅವಳ ಅತ್ತೆಯೂ ತೀರಿಹೋಗಿದ್ದಳು. ಸಾವಿನ ಮನೆಯನ್ನು ಮಾತಾಡಿಸಲು ಊರವರು ಒಬ್ಬರೂ ಬಂದಿರಲಿಲ್ಲ. ಒಂದು ದಿನ ದಾರಿಹೋಕನೊಬ್ಬ ಅವಳ ಪುಟ್ಟ ಮಗಳು ಮೌಲಾಬಿಯನ್ನು ಯಾರ ಮಗಳೆಂದು ಕೇಳಿದಾಗ, ಕೂಸು ತಲೆ ತಗ್ಗಿಸಿ, "ನಾವು ವಿಷದವರು" ಎಂದಿತು. ಅದನ್ನು ಕೇಳಿಸಿಕೊಂಡ ದಾವಲಬಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಆ ಸಂಜೆ ಲಾಡಸಾಬ ಊರು ಬಿಡೋಣವೆಂದು ಹತ್ತಿ ಹಿಂಜುವ ಬಿಲ್ಲನ್ನು ಬಂಡಿಗೇರಿಸಿದ. ಅವಳು ಅದನ್ನು ಇಳಿಸಿ ಮತ್ತೆ ಒಳಗಿಟ್ಟಳು. "ಈಗ ಹೋದರ ಆ ಮಾತು ಖರೇ ಆಗ್ತೈತಿ" ಎಂದಳು.

ಬೆಳಗಾಗುತ್ತಲೇ ಮಗಳೊಂದಿಗೆ ಕೆರೆಗೆ ಹೋಗಿ, ಬೇರೆ ನೀರಿಲ್ಲದೆ ಹೆದರುತ್ತಲೇ ಕೊಡ ಹಿಡಿದು ಬಂದಿದ್ದ ಹೆಂಗಸರ ಎದುರೇ ಬೊಗಸೆ ತುಂಬ ನೀರು ಕುಡಿದಳು, ಮಗಳಿಗೂ ಕುಡಿಸಿದಳು. ಆಮೇಲೆ ಮೇಲೆ ಬಂದು ಚಪ್ಪಡಿಯ ಮೇಲೆ ದಾರಿಗಡ್ಡ ಕುಳಿತಳು. "ನನ್ನ ಹೆಸರು ನಿಮಗೆಲ್ಲ ಗೊತ್ತೈತಿ. ಹೆಸರು ಹಿಡಿದು ಪಕ್ಕಕ್ಕ ಸರಿ ಅನ್ರಿ, ಸರೀತೀನಿ." ಮಾತುಗಾರ ಬಂದು ಗದರಿದ, ಅವಳು ಕದಲಲಿಲ್ಲ. ಕೆಲವರು ಉಗಿದು, ಆಚೆಯ ಕೆಸರಿನ ದಡಕ್ಕೆ ಸುತ್ತಿ ಹೋದರು. ಬಿಸಿಲೇರಿದ ಮೇಲೆ, ಜ್ವರಕ್ಕೆ ಮಗನನ್ನು ಕಳೆದುಕೊಂಡಿದ್ದ ಮುದುಕಿ ತಿಪ್ಪವ್ವ ಮುಂದೆ ಬಂದಳು. "ದಾವಲಬೀ, ನನ್ನ ಮಗ ಸತ್ತದ್ದು ನಿನ್ನಿಂದಲ್ಲ. ಗೊತ್ತಿದ್ದೂ ನಾ ಸುಮ್ಮನಿದ್ದೆ. ಒಂದೀಟು ಸರಿಯವ್ವ." ದಾವಲಬಿ ಸರಿದು ದಾರಿ ಬಿಟ್ಟಳು, ಮುದುಕಿ ಇಳಿದ ಮೇಲೆ ಮತ್ತೆ ಅಡ್ಡ ಕುಳಿತಳು. ಮರುದಿನವೂ ಬಂದಳು, ಅದರ ಮರುದಿನವೂ. ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯತೊಡಗಿದರು. ಕೇಳುವವರಿಲ್ಲದೆ ಮಾತುಗಾರ ಊರು ಬಿಟ್ಟ. ತಾವು ಸಾಯುವವರೆಗೂ ಅವಳನ್ನು ಹೆಸರು ಹಿಡಿದು ಕರೆಯದವರೂ ಇದ್ದರಂತೆ; ಅವರ ಮುಂದೆಯೂ ಅವಳು ತಲೆಯೆತ್ತಿಯೇ ನಡೆದಳಂತೆ.

ಈಗಲೂ ಊರಿಗೆ ಹೊಸದಾಗಿ ಬಂದ ಸೊಸೆ, ಯಾವ ಜಾತಿಯವಳೇ ಆಗಲಿ, ಮೊದಲ ಕೊಡ ತುಂಬುವ ಮುನ್ನ ಈ ಕಲ್ಲಿನ ಮೇಲೆ ನಿಂತು ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಾಳೆ. ಕೆರೆಯ ಹೂಳೆತ್ತಿದ ವರ್ಷ ಚಪ್ಪಡಿಯನ್ನು ಪಕ್ಕಕ್ಕೆ ಸರಿಸಲು ಬಂದವರನ್ನು ಹೆಂಗಸರೇ ತಡೆದರು. ಕೆರೆ ನೋಡಲು ಬಂದವರು ಇಂದಿಗೂ ಅದನ್ನು ಸುತ್ತಿಕೊಂಡೇ ಕೆಳಗಿಳಿಯಬೇಕು.